ಕಪ್ಪು ಐಸ್‌ಕ್ರೀಮ್ ತಿನ್ನುವ ಮೊದಲು ನಿಮ್ಮ ಮಾತ್ರೆ ಡಬ್ಬಿ ನೋಡಿಕೊಳ್ಳಿ

ಗೆಳತಿಯೊಬ್ಬಳ ಮನೆಯಲ್ಲಿ ಒಂದು ಬೆಳಿಗ್ಗೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಎದ್ದ ಕೂಡಲೇ ಅವಳು ಥೈರಾಯ್ಡ್ ಮಾತ್ರೆ ನುಂಗಿದಳು. ಹತ್ತು ನಿಮಿಷವೂ ಆಗಿರಲಿಲ್ಲ, ನಿಂಬೆರಸದ ಲೋಟಕ್ಕೆ ಒಂದು ಚಮಚ ಕಪ್ಪು ಇದ್ದಿಲು ಪುಡಿ ಹಾಕಿ ಕಲಕಿ ಗಟಗಟ ಕುಡಿದಳು. "ಡಿಟಾಕ್ಸ್ ಕಣೇ, ಹೊಟ್ಟೆಯಲ್ಲಿರೋ ಕೊಳೆಯನ್ನೆಲ್ಲ ಎಳೆದುಕೊಂಡು ಹೋಗುತ್ತೆ" ಅಂದಳು. ಎಳೆದುಕೊಂಡು ಹೋಗುವುದೇನೋ ನಿಜ. ಆದರೆ ಆಗಷ್ಟೇ ನುಂಗಿದ ಮಾತ್ರೆಯನ್ನೂ ಅದು ಎಳೆದುಕೊಂಡು ಹೋಗಬಹುದು. ಇದು ಅವಳಿಗೆ ಗೊತ್ತಿರಲಿಲ್ಲ. ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡಿದೆ, ಅದರ ಮೇಲೂ ಆ ಮಾತು ಇರಲಿಲ್ಲ.

ಇದು ಅವಳೊಬ್ಬಳ ಕಥೆಯಲ್ಲ. ಇದ್ದಿಲು ಹಾಕಿದ ತಿನಿಸುಗಳ ಹುಚ್ಚು ಶುರುವಾಗಿ ಹತ್ತು ವರ್ಷದ ಮೇಲಾಯಿತು. ಜಪಾನಿನಲ್ಲಿ ಬರ್ಗರ್ ಕಿಂಗ್ 2012ರಲ್ಲಿ ಬಿದಿರಿನ ಇದ್ದಿಲು ಬೆರೆಸಿದ ಕಪ್ಪು ಬನ್ನಿನ ಬರ್ಗರ್ ತಂದಿತು. 2016ರಲ್ಲಿ ನ್ಯೂಯಾರ್ಕಿನ ಒಂದು ಐಸ್‌ಕ್ರೀಮ್ ಅಂಗಡಿಯ 'ತೆಂಗಿನ ಬೂದಿ' ಐಸ್‌ಕ್ರೀಮಿನ ಫೋಟೊಗಳು ಫೋನಿನಿಂದ ಫೋನಿಗೆ ಹಾರಿದವು. ಆಮೇಲೆ ಕಪ್ಪು ಲಾಟೆ, ಕಪ್ಪು ಪಿಜ್ಜಾ, ಕಪ್ಪು ನಿಂಬೆ ಪಾನಕ ಎಲ್ಲ ಬಂದವು. ಬಣ್ಣದ ಮೋಜಿಗೆ ಇಷ್ಟಾಗಿದ್ದರೆ ನನ್ನ ತಕರಾರು ಏನೂ ಇರುತ್ತಿರಲಿಲ್ಲ. ಆದರೆ ಬಣ್ಣದ ಬೆನ್ನಿಗೇ 'ಆರೋಗ್ಯಕ್ಕೆ ಒಳ್ಳೆಯದು' ಅನ್ನುವ ಮಾತೂ ಬಂತು. ಜನ ಅದನ್ನು ನಂಬಿ ದಿನವೂ ಕುಡಿಯತೊಡಗಿದರು. ನನಗೆ ಚಿಂತೆಯಾಗುವುದು ಅಲ್ಲೇ.

ಹಾಗಾಗಿ ಇಂಥ ತಿನಿಸು ನಿಮ್ಮ ಮುಂದೆ ಬಂದಾಗ ಏನೇನು ನೋಡಬೇಕು, ಏನು ಕೇಳಬೇಕು, ಯಾವಾಗ ಬೇಡ ಅನ್ನಬೇಕು ಎಂದು ಒಂದೊಂದಾಗಿ ಬರೆಯುತ್ತೇನೆ. ಎಲ್ಲ ಓದಲು ಸಮಯ ಇಲ್ಲದಿದ್ದರೆ ಮೂರನೇ ಹೆಜ್ಜೆಯನ್ನಾದರೂ ಓದಿ.

ಹೆಜ್ಜೆ 1: ಕಪ್ಪು ಬಣ್ಣ ಎಲ್ಲಿಂದ ಬಂತು ಎಂದು ಕೇಳಿ

ಕಪ್ಪಗಿರುವ ತಿನಿಸಿನಲ್ಲೆಲ್ಲ ಇದ್ದಿಲು ಇರುವುದಿಲ್ಲ. ಕಪ್ಪು ಎಳ್ಳು, ಕಪ್ಪು ಅಕ್ಕಿ, ಗಾಢವಾಗಿ ಸಂಸ್ಕರಿಸಿದ ಕೋಕೋ, ಸ್ಕ್ವಿಡ್ ಎಂಬ ಕಡಲಜೀವಿಯ ಶಾಯಿ, ಇವೆಲ್ಲವೂ ಕಪ್ಪು ಬಣ್ಣ ಕೊಡುತ್ತವೆ. ಇವುಗಳಿಂದ ಮಾತ್ರೆಗೆ ಇದ್ದಿಲಿನಂಥ ತೊಂದರೆ ಇಲ್ಲ. ಆದ್ದರಿಂದ ಮೊದಲು ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿ ಓದಿ. 'ಆಕ್ಟಿವೇಟೆಡ್ ಚಾರ್ಕೋಲ್', 'ಆಕ್ಟಿವೇಟೆಡ್ ಕಾರ್ಬನ್', 'ಬ್ಯಾಂಬೂ ಚಾರ್ಕೋಲ್', 'ಕೋಕೋನಟ್ ಆ್ಯಶ್', 'ವೆಜಿಟೇಬಲ್ ಕಾರ್ಬನ್' ಅಥವಾ 'ಇ 153' ಎಂದಿದ್ದರೆ ಅದು ಇದ್ದಿಲಿನ ಪುಡಿ. ಹೆಸರು ಬೇರೆ ಬೇರೆ, ಸರಕು ಒಂದೇ ಜಾತಿಯದು.

'ಬೂದಿ' ಅನ್ನುವ ಹೆಸರಿಗೆ ಮರುಳಾಗಬೇಡಿ. ಪೂರ್ತಿ ಸುಟ್ಟು ಉಳಿಯುವ ಬೂದಿಯ ಬಣ್ಣ ಬಿಳಿ ಅಥವಾ ಬೂದು. 'ಬೂದಿ' ಹಾಕಿದ್ದು ಎನ್ನುವ ತಿನಿಸು ಕಾಡಿಗೆಯಂತೆ ಕಪ್ಪಗಿದ್ದರೆ ಅದರಲ್ಲಿರುವುದು ಪೂರ್ತಿ ಸುಡದೆ ಉಳಿದ ಇಂಗಾಲ, ಅಂದರೆ ಇದ್ದಿಲು.

ಹೋಟೆಲು, ಕೆಫೆಗಳಲ್ಲಿ ಪೊಟ್ಟಣ ಇರುವುದಿಲ್ಲ. ಅಲ್ಲಿ ಬಾಯಿ ಬಿಟ್ಟು ಕೇಳಿ. "ಇದಕ್ಕೆ ಕಪ್ಪು ಬಣ್ಣ ಬರಲು ಏನು ಹಾಕಿದ್ದೀರಿ?" ಅಂದರೆ ಸಾಕು. ಸಂಕೋಚ ಬೇಡ. ಉತ್ತರ ಗೊತ್ತಿಲ್ಲ ಅಂದರೆ ಇದ್ದಿಲು ಇದೆ ಎಂದೇ ತಿಳಿಯಿರಿ.

ಸರ್ಕಾರಗಳು ಏನು ಹೇಳುತ್ತವೆ ಅನ್ನುವ ಪ್ರಶ್ನೆ ಬರುತ್ತದೆ, ಅಲ್ವಾ? ಎಲ್ಲ ಕಡೆ ಒಂದೇ ನಿಯಮ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಇ 153 ಅನ್ನು ಹಲವು ತಿನಿಸುಗಳಿಗೆ ಬಣ್ಣವಾಗಿ ಬಳಸಬಹುದು. ಅದರ ಶುದ್ಧತೆಗೆ, ಸೀಸ, ಆರ್ಸೆನಿಕ್, ಪಾದರಸದಂಥ ಲೋಹಗಳು ಎಷ್ಟಿರಬಹುದು ಎಂಬುದಕ್ಕೆ ಮಿತಿಗಳಿವೆ. ಅಮೆರಿಕದಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅದನ್ನು ಆಹಾರಕ್ಕೆ ಬೆರೆಸುವ ಪದಾರ್ಥವಾಗಿ ಒಪ್ಪಿಲ್ಲ. ಇದೇ ಕಾರಣ ಕೊಟ್ಟು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2018ರಲ್ಲಿ ಇದ್ದಿಲು ಹಾಕಿದ ತಿನಿಸು, ಪಾನೀಯಗಳ ಮಾರಾಟ ನಿಲ್ಲಿಸಿತು. ಒಂದು ಮಾತು ನೆನಪಿರಲಿ: ಬಣ್ಣವಾಗಿ ಬಳಸಲು ಅನುಮತಿ ಇದೆ ಅಂದ ಮಾತ್ರಕ್ಕೆ ಆರೋಗ್ಯಕ್ಕೆ ಒಳ್ಳೆಯದು ಎಂದಲ್ಲ.

ಹೆಜ್ಜೆ 2: ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಿ

ಇಲ್ಲಿ ಎರಡು ನಿಮಿಷ ತಾಳ್ಮೆ ಇರಲಿ. ಇದು ಅರ್ಥವಾದರೆ ಮುಂದಿನದ್ದೆಲ್ಲ ತಾನಾಗಿಯೇ ಹೊಳೆಯುತ್ತದೆ.

ತೆಂಗಿನ ಚಿಪ್ಪು, ಮರ ಮುಂತಾದವನ್ನು ಗಾಳಿಯಾಡದಂತೆ ಸುಟ್ಟರೆ ಸಾಮಾನ್ಯ ಇದ್ದಿಲು ಸಿಗುತ್ತದೆ. ಅದನ್ನು ಮತ್ತೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಬೆಗೆ ಒಡ್ಡುತ್ತಾರೆ. ಆಗ ಅದರ ಒಳಗೆಲ್ಲ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳು ತೆರೆದುಕೊಳ್ಳುತ್ತವೆ. ಇದೇ ಆಕ್ಟಿವೇಟೆಡ್ ಚಾರ್ಕೋಲ್. ಆ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಬರೀ ಒಂದು ಗ್ರಾಂ ಪುಡಿ ಸುಮಾರು 1000 ಚದರ ಮೀಟರ್ ಆಗುತ್ತದೆ. ಒಂದು ಟೆನಿಸ್ ಅಂಕಣ ಸುಮಾರು 260 ಚದರ ಮೀಟರ್. ಒಂದು ಚಿಟಿಕೆ ಪುಡಿಯೊಳಗೆ ಹೆಚ್ಚುಕಡಿಮೆ ನಾಲ್ಕು ಟೆನಿಸ್ ಅಂಕಣದಷ್ಟು ಜಾಗ!

ಸ್ಪಂಜು ನೀರನ್ನು ಹೀರುತ್ತದೆ. ಇದ್ದಿಲು ಹಾಗೆ ಹೀರುವುದಿಲ್ಲ. ಹತ್ತಿರ ಸುಳಿದ ಅಣುಗಳನ್ನು ತನ್ನ ಗೋಡೆಗೆ ಅಂಟಿಸಿಕೊಳ್ಳುತ್ತದೆ. ಮತ್ತೆ ಅದು ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ. ಬಾಯಿಂದ ಹೋಗಿದ್ದು ಹಾಗೇ ಮಲದಲ್ಲಿ ಹೊರಬೀಳುತ್ತದೆ, ಅಂಟಿಸಿಕೊಂಡಿದ್ದನ್ನೂ ಜೊತೆಗೆ ಒಯ್ಯುತ್ತದೆ.

ಈ ಗುಣವೇ ಅದನ್ನು ನಿಜವಾದ ಔಷಧವನ್ನಾಗಿ ಮಾಡಿದೆ. 1831ರಲ್ಲಿ ತೂಯೆರಿ ಎಂಬ ಫ್ರೆಂಚ್ ಔಷಧ ತಜ್ಞ, ಜೀವ ತೆಗೆಯುವ ಪ್ರಮಾಣಕ್ಕಿಂತ ಹತ್ತು ಪಟ್ಟು ಸ್ಟ್ರಿಕ್ನಿನ್ ವಿಷಕ್ಕೆ 15 ಗ್ರಾಂ ಇದ್ದಿಲು ಬೆರೆಸಿ, ಫ್ರೆಂಚ್ ವೈದ್ಯಕೀಯ ಅಕಾಡೆಮಿಯ ಸದಸ್ಯರ ಎದುರಿಗೇ ನುಂಗಿದರು. ಬದುಕಿ ಉಳಿದರು. ಇವತ್ತಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಆಕ್ಟಿವೇಟೆಡ್ ಚಾರ್ಕೋಲ್ ಇದೆ. ತೂಯೆರಿಯವರ ಪ್ರಯೋಗದಲ್ಲಿ ಒಂದು ಅಂಶ ಗಮನಿಸಿ. ವಿಷ ಮತ್ತು ಇದ್ದಿಲು ಒಟ್ಟಿಗೇ ಹೊಟ್ಟೆಗೆ ಹೋದವು. ವಿಷ ಇನ್ನೂ ಹೊಟ್ಟೆಯಲ್ಲಿರುವಾಗಲೇ ಇದ್ದಿಲಿಗೆ ಅದು ಸಿಕ್ಕಿತು. ನಿನ್ನೆ ತಿಂದದ್ದು, ಹೋದ ವಾರ ಕುಡಿದದ್ದು ಅದಕ್ಕೆ ಸಿಗುವುದಿಲ್ಲ.

ಇನ್ನೊಂದು ವಿಷಯ. ಇದ್ದಿಲಿಗೆ ಎಲ್ಲವೂ ಅಂಟುವುದಿಲ್ಲ. ಮದ್ಯ, ಕಬ್ಬಿಣ, ಲಿಥಿಯಂ, ಪ್ರಬಲ ಆಮ್ಲ, ಪ್ರಬಲ ಕ್ಷಾರ, ಇವು ಅಂಟುವುದು ತೀರಾ ಕಡಿಮೆ. ಇಂಗಾಲದಿಂದ ಕಟ್ಟಿದ ದೊಡ್ಡ ಅಣುಗಳು ಚೆನ್ನಾಗಿ ಅಂಟುತ್ತವೆ. ನಾವು ನುಂಗುವ ಬಹುಪಾಲು ಮಾತ್ರೆಗಳು ಇಂಥವೇ.

ಹೆಜ್ಜೆ 3: ನಿಮ್ಮ ಮಾತ್ರೆ ಡಬ್ಬಿ ತೆಗೆದು ಮುಂದಿಟ್ಟುಕೊಳ್ಳಿ

ನಾನು ಬರೆಯಲು ಕೂತದ್ದು ಮುಖ್ಯವಾಗಿ ಈ ಹೆಜ್ಜೆಗಾಗಿ.

"ಐಸ್‌ಕ್ರೀಮಿನಲ್ಲಿ ಎಷ್ಟು ಇದ್ದಿಲು ಇರುತ್ತೆ ಮಹಾ? ಒಂದು ಚಿಟಿಕೆ. ಅದರಿಂದೇನು ಆಗುತ್ತೆ?" ಎಂದು ಎಷ್ಟೋ ಜನ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಹಾಗಾದರೆ ಸ್ವಲ್ಪ ಲೆಕ್ಕ ಹಾಕೋಣ.

ವಿಷ ನುಂಗಿದವರಿಗೆ ಆಸ್ಪತ್ರೆಯಲ್ಲಿ ಇದ್ದಿಲು ಕೊಡುವಾಗ, ವಿಷದ ತೂಕದ ಹತ್ತು ಪಟ್ಟು ಇದ್ದಿಲು ಬೇಕು ಅನ್ನುವುದು ಸ್ಥೂಲ ಲೆಕ್ಕ. ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ ಕೊಡುತ್ತಾರೆ. ಒಂದು ಟೀ ಚಮಚ ಪುಡಿ ಸುಮಾರು 2 ಗ್ರಾಂ ತೂಗುತ್ತದೆ. ಅಂದರೆ ಆಸ್ಪತ್ರೆಯ ಪ್ರಮಾಣದ ಇಪ್ಪತ್ತೈದರಲ್ಲಿ ಒಂದು ಪಾಲು. ವಿಷ ತೆಗೆಯಲು ಇದು ಏನೇನೂ ಸಾಲದು.

ಈಗ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳಿ. ಅದರಲ್ಲಿರುವ ಔಷಧ 25, 50, 100 ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ. ಮೈಕ್ರೋಗ್ರಾಂ ಅಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ. 100 ಮೈಕ್ರೋಗ್ರಾಂ ಔಷಧಕ್ಕೆ ಹತ್ತು ಪಟ್ಟು ಅಂದರೆ ಒಂದು ಮಿಲಿಗ್ರಾಂ ಇದ್ದಿಲು. ನಮ್ಮ ಚಮಚದಲ್ಲಿರುವುದು 2000 ಮಿಲಿಗ್ರಾಂ! ಹೊಟ್ಟೆಯಲ್ಲಿರುವ ಆಹಾರವೂ ಇದ್ದಿಲಿಗೆ ಅಂಟಿಕೊಳ್ಳುವುದರಿಂದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ, ನಿಜ. ಆದರೂ ಎರಡರ ನಡುವಿನ ಅಂತರ ನೋಡಿ. ವಿಷ ತೆಗೆಯಲು ಸಾಲದ ಅದೇ ಒಂದು ಚಮಚ, ನಿಮ್ಮ ಮಾತ್ರೆಯನ್ನು ಕಸಿದುಕೊಳ್ಳಲು ಬೇಕಾದಷ್ಟಾಯಿತು.

ಗರ್ಭನಿರೋಧಕ ಮಾತ್ರೆಯ ಕಥೆಯೂ ಇದೇ. ಅದರಲ್ಲಿನ ಈಸ್ಟ್ರೋಜನ್ ಸಾಮಾನ್ಯವಾಗಿ 20ರಿಂದ 35 ಮೈಕ್ರೋಗ್ರಾಂ ಅಷ್ಟೇ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಕೂಡ ಮೈಕ್ರೋಗ್ರಾಂ ಲೆಕ್ಕದ ಔಷಧ. ಮಿಲಿಗ್ರಾಂ ಲೆಕ್ಕದ ಔಷಧಗಳಲ್ಲೂ ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು, ಮೂರ್ಛೆರೋಗದ ಮಾತ್ರೆಗಳು, ಪ್ಯಾರಾಸಿಟಮಾಲ್ ಎಲ್ಲವೂ ಇದ್ದಿಲಿಗೆ ಅಂಟುತ್ತವೆ.

ಇದರಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಯಾವುದು ಗೊತ್ತಾ? ಏನೋ ತಪ್ಪಾಗಿದೆ ಎಂದು ತಕ್ಷಣ ಗೊತ್ತಾಗುವುದಿಲ್ಲ. ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತದಿದ್ದರೆ ಅವತ್ತೇ ಏನೂ ಆಗುವುದಿಲ್ಲ. ವಾರಗಳು ಕಳೆದ ಮೇಲೆ ಸುಸ್ತು, ತೂಕ ಏರುವುದು, ಮಂಕುತನ ಶುರುವಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ಏರುಪೇರು ಕಾಣುತ್ತದೆ. ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಆಮೇಲೊಂದು ದಿನ ಕಪ್ಪು ಪಾನೀಯ ನಿಲ್ಲಿಸಿದರೆ ಔಷಧ ಜಾಸ್ತಿಯಾಗಿ ಎದೆ ಢವಢವ ಅನ್ನಬಹುದು. ಯಾರಿಗೂ ಆ ಪಾನೀಯದ ನೆನಪೇ ಬರುವುದಿಲ್ಲ. ಏಕೆಂದರೆ ಯಾರೂ ಅದನ್ನು ಔಷಧ ಎಂದುಕೊಂಡಿರುವುದಿಲ್ಲ.

ಹಾಗಾದರೆ ನಡುವೆ ಎಷ್ಟು ಅಂತರ ಬಿಡಬೇಕು? ಎರಡು ಗಂಟೆ ಅಂತರವಿರಲಿ ಎಂಬ ಸಲಹೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಕನಿಷ್ಠ. ಗರ್ಭನಿರೋಧಕ ಮಾತ್ರೆಯ ಬಗ್ಗೆ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮಾತ್ರೆ ನುಂಗಿ 3 ಗಂಟೆ ಕಳೆದ ಮೇಲೆ ಇದ್ದಿಲು ಕೊಟ್ಟು, ಮುಂದಿನ ಮಾತ್ರೆಗೆ ಕನಿಷ್ಠ 12 ಗಂಟೆ ಇರುವಾಗಲೇ ಅದನ್ನು ನಿಲ್ಲಿಸಿದಾಗ ಮಾತ್ರೆಯ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ಅಷ್ಟು ಅಂತರ ಬಿಟ್ಟು ನೋಡಿದ ಅಧ್ಯಯನ ಅದು ಅನ್ನುವುದನ್ನು ಮರೆಯಬೇಡಿ. ನಿಧಾನವಾಗಿ ಕರಗಲೆಂದೇ ತಯಾರಿಸಿದ ಮಾತ್ರೆಗಳು ಗಂಟೆಗಟ್ಟಲೆ ಕರುಳಿನಲ್ಲೇ ಇರುತ್ತವೆ. ಅವಕ್ಕೆ ಎರಡು ಗಂಟೆ ಎಲ್ಲಿ ಸಾಕು?

ಕೆಲವು ಔಷಧಗಳಿಗಂತೂ ಅಂತರ ಬಿಟ್ಟರೂ ಪ್ರಯೋಜನವಿಲ್ಲ. ಕಾರ್ಬಮಾಜೆಪಿನ್, ಫಿನೋಬಾರ್ಬಿಟಾಲ್, ಡ್ಯಾಪ್ಸೋನ್, ಥಿಯೋಫಿಲಿನ್, ಕ್ವಿನೈನ್ ಈ ಗುಂಪಿನವು. ಇವು ರಕ್ತಕ್ಕೆ ಸೇರಿದ ಮೇಲೂ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಮರಳಿ ಬರುತ್ತಿರುತ್ತವೆ. ಕರುಳಿನಲ್ಲಿ ಇದ್ದಿಲು ಕಾಯುತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತವೆ. ಈ ಔಷಧಗಳು ಮಿತಿಮೀರಿ ಹೊಟ್ಟೆಗೆ ಹೋದಾಗ ವೈದ್ಯರು ಇದನ್ನೇ ಬಳಸಿಕೊಂಡು ಮತ್ತೆ ಮತ್ತೆ ಇದ್ದಿಲು ಕೊಡುತ್ತಾರೆ. ಆದರೆ ಮೂರ್ಛೆರೋಗಕ್ಕೆ ದಿನಾ ಕಾರ್ಬಮಾಜೆಪಿನ್ ನುಂಗುವವರು ಇದ್ದಿಲು ಪಾನೀಯದ ಅಭ್ಯಾಸ ಮಾಡಿಕೊಂಡರೆ ಕಷ್ಟ. ಔಷಧದ ಮಟ್ಟ ಇಳಿದು ಮತ್ತೆ ಫಿಟ್ಸ್ ಬರಬಹುದು.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಿಟಮಿನ್ ಮಾತ್ರೆಗಳನ್ನೂ ಬಿಡಬೇಡಿ. ಮೆಡಿಕಲ್ ಶಾಪಿನ ಫಾರ್ಮಸಿಸ್ಟ್‌ಗೋ ನಿಮ್ಮ ವೈದ್ಯರಿಗೋ ತೋರಿಸಿ, "ಇದರ ಜೊತೆ ಆಕ್ಟಿವೇಟೆಡ್ ಚಾರ್ಕೋಲ್ ಹೊಟ್ಟೆಗೆ ಹೋದರೆ ಏನಾಗುತ್ತದೆ?" ಎಂದು ನೇರವಾಗಿ ಕೇಳಿ. ಕೇಳುವ ತನಕ ಕಪ್ಪು ತಿನಿಸು ಬೇಡ. ದಿನವೂ ಮಾತ್ರೆ ನುಂಗುವ ನನ್ನ ಮನೆಯವರಿಗೆ ನಾನು ಹೇಳಿರುವುದು ಇನ್ನೂ ಸರಳ: ಬೇಡವೇ ಬೇಡ.

ಹೆಜ್ಜೆ 4: ಜಾಹೀರಾತಿನ ಒಂದೊಂದು ಮಾತನ್ನೂ ಬಿಡಿಸಿ ನೋಡಿ

'ಡಿಟಾಕ್ಸ್' ಎಂದರೆ ಯಾವ ವಿಷ ಎಂದು ಕೇಳಿ. ಮಾರುವವರು ಯಾವತ್ತೂ ಅದರ ಹೆಸರು ಹೇಳುವುದಿಲ್ಲ. ರಕ್ತದಲ್ಲಿರುವ ಬೇಡದ ವಸ್ತುಗಳನ್ನು ತೆಗೆಯುವುದು ಯಕೃತ್ತು ಮತ್ತು ಮೂತ್ರಪಿಂಡಗಳ ಕೆಲಸ. ಆರೋಗ್ಯವಂತರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬೇಕಾದದ್ದನ್ನು ಮರಳಿ ರಕ್ತಕ್ಕೆ ಕೊಟ್ಟು, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಬೇಕಾದದ್ದು ಯಾವುದು, ಬೇಡದ್ದು ಯಾವುದು ಅನ್ನುವುದು ಅವಕ್ಕೆ ಗೊತ್ತು. ಇದ್ದಿಲಿಗೆ ಆ ವಿವೇಕ ಇಲ್ಲ. ಹಣ್ಣಿನ ರಸಕ್ಕೆ ಇದ್ದಿಲು ಬೆರೆಸಿದರೆ ಆ ರಸದ ಒಳ್ಳೆಯ ಅಂಶಗಳೂ ಅದಕ್ಕೆ ಅಂಟಬಹುದು. ಆರೋಗ್ಯಕ್ಕೆಂದು ಹಣ್ಣಿನ ರಸ ಕುಡಿಯುವವರಿಗೆ ಇದು ಎಂಥ ಅನ್ಯಾಯ, ಹೇಳಿ.

'ಹ್ಯಾಂಗೋವರ್ ಇಳಿಸುತ್ತದೆ' ಅನ್ನುವುದು ಸುಳ್ಳು. ಮದ್ಯ ಇದ್ದಿಲಿಗೆ ಸರಿಯಾಗಿ ಅಂಟುವುದೇ ಇಲ್ಲ. ಮೇಲಾಗಿ ತಲೆನೋವು ಶುರುವಾಗುವ ಹೊತ್ತಿಗೆ ಅದು ಹೊಟ್ಟೆ ಬಿಟ್ಟು ರಕ್ತ ಸೇರಿ ಎಷ್ಟೋ ಹೊತ್ತಾಗಿರುತ್ತದೆ.

'ಗ್ಯಾಸ್ ಕಡಿಮೆ ಮಾಡುತ್ತದೆ' ಅನ್ನುವುದರಲ್ಲಿ ಸ್ವಲ್ಪ ಹುರುಳಿದೆ, ಅದನ್ನು ಒಪ್ಪಲೇಬೇಕು. ಊಟದ ನಂತರದ ಅತಿಯಾದ ವಾಯುವನ್ನು ಕಡಿಮೆ ಮಾಡಲು ನೆರವಾಗುತ್ತದೆ ಎಂದು ಬರೆದುಕೊಳ್ಳಲು ಯುರೋಪಿಯನ್ ಒಕ್ಕೂಟ 2012ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದಕ್ಕೆ ಷರತ್ತಿದೆ. ಊಟಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು 1 ಗ್ರಾಂ, ಊಟವಾದ ಕೂಡಲೇ ಇನ್ನೊಂದು 1 ಗ್ರಾಂ ತೆಗೆದುಕೊಳ್ಳಬೇಕು. ಅಳತೆ ಮಾಡಿದ ಮಾತ್ರೆಗೆ ಇದು ಸರಿಹೊಂದುತ್ತದೆ. ಸಕ್ಕರೆ, ಹಾಲು, ಕೆನೆಯ ನಡುವೆ ಎಷ್ಟಿದೆ ಎಂದೇ ಗೊತ್ತಿಲ್ಲದ ಐಸ್‌ಕ್ರೀಮಿಗೆ ಹೊಂದುವುದಿಲ್ಲ. ವಾಯು ತಿಂಗಳುಗಟ್ಟಲೆ ಕಾಡುತ್ತಿದ್ದರೆ ಕಾರಣ ಹುಡುಕುವುದು ವೈದ್ಯರ ಕೆಲಸ, ಇದ್ದಿಲಿನದಲ್ಲ.

'ಕೊಲೆಸ್ಟರಾಲ್ ಇಳಿಸುತ್ತದೆ' ಅನ್ನುವುದನ್ನು 1980ರ ದಶಕದಲ್ಲಿ ಫಿನ್‌ಲೆಂಡಿನಲ್ಲಿ ಬೆರಳೆಣಿಕೆಯ ರೋಗಿಗಳ ಮೇಲೆ ನೋಡಿದ್ದರು, ಇಳಿದದ್ದೂ ಹೌದು. ಆದರೆ ದಿನಕ್ಕೆ ಅನೇಕ ಚಮಚಗಳಷ್ಟು ಪುಡಿ ನುಂಗಿಸಿ ಪಡೆದ ಫಲ ಅದು. ಇವತ್ತು ಅದಕ್ಕಿಂತ ಎಷ್ಟೋ ಒಳ್ಳೆಯ, ಚೆನ್ನಾಗಿ ಪರೀಕ್ಷಿಸಿದ ಮಾತ್ರೆಗಳಿವೆ.

ಮೂತ್ರಪಿಂಡದ ರೋಗಿಗಳ ಆಸೆಯ ಜೊತೆ ಆಟವಾಡುವ ಜಾಹೀರಾತುಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜಪಾನಿನಲ್ಲಿ 1991ರಿಂದ ಎಎಸ್‌ಟಿ-120 ಎಂಬ ವಿಶೇಷ ಇಂಗಾಲದ ಔಷಧವನ್ನು ಮೂತ್ರಪಿಂಡದ ಕಾಯಿಲೆಗೆ ಕೊಡುತ್ತಿದ್ದಾರೆ. ಹಲವು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆಗೆ ಇದನ್ನು ಸೇರಿಸಿದ್ದರಿಂದ ರೋಗ ಮುಂದುವರಿಯುವುದು ತಪ್ಪಲಿಲ್ಲ. ಅಷ್ಟು ಎಚ್ಚರದಿಂದ ತಯಾರಿಸಿದ ಔಷಧದ ಕಥೆಯೇ ಹೀಗಿರುವಾಗ ಕಪ್ಪು ಲಾಟೆಯಿಂದ ಏನು ನಿರೀಕ್ಷಿಸುವುದು?

ತೂಕ ಇಳಿಯುತ್ತದೆ, ಚರ್ಮ ಹೊಳೆಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಹಲ್ಲು ಬಿಳಿಯಾಗುವ ಮಾತೂ ಅಷ್ಟೇ. ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆ 2017ರಲ್ಲಿ ಇದ್ದಿಲು ಟೂತ್‌ಪೇಸ್ಟುಗಳ ಬಗ್ಗೆ ಬಂದಿದ್ದ ಬರಹಗಳನ್ನೆಲ್ಲ ಪರಿಶೀಲಿಸಿ, ಸುರಕ್ಷಿತ ಎನ್ನಲೂ ಪರಿಣಾಮಕಾರಿ ಎನ್ನಲೂ ಸಾಕಷ್ಟು ಆಧಾರವಿಲ್ಲ ಎಂಬ ಲೇಖನ ಪ್ರಕಟಿಸಿತು.

"ನೀರಿನ ಫಿಲ್ಟರಿನಲ್ಲಿ ಇದ್ದಿಲು ಹಾಕುತ್ತಾರಲ್ಲ?" ಎಂದು ಕೆಲವರು ಕೇಳುತ್ತಾರೆ. ಹಾಕುತ್ತಾರೆ, ಅಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಕ್ಲೋರಿನ್, ಕೆಟ್ಟ ವಾಸನೆ ಹೋಗುತ್ತದೆ. ಆದರೆ ಅಲ್ಲಿ ನೀರು ಇದ್ದಿಲನ್ನು ದಾಟಿ ಬರುತ್ತದೆ, ಇದ್ದಿಲು ಫಿಲ್ಟರಿನಲ್ಲೇ ಉಳಿಯುತ್ತದೆ. ನಿಮ್ಮ ರಕ್ತ ಕಪ್ಪು ಪಾನಕವನ್ನು ದಾಟಿ ಹರಿಯುವುದಿಲ್ಲ.

ಹೆಜ್ಜೆ 5: ನೀವು ತಿನ್ನಲೇಬಾರದವರ ಗುಂಪಿನಲ್ಲಿದ್ದೀರಾ ನೋಡಿ

ದಿನವೂ ಮಾತ್ರೆ ನುಂಗುವವರ ವಿಷಯ ಆಗಲೇ ಹೇಳಿದೆ. ಮಲಬದ್ಧತೆ ಇರುವವರಿಗೆ, ಕರುಳಿನಲ್ಲಿ ಅಡಚಣೆ ಆಗಿದ್ದವರಿಗೆ, ಈಚೆಗೆ ಹೊಟ್ಟೆಯ ಆಪರೇಷನ್ ಆದವರಿಗೆ ಇದು ಬೇಡ. ಇದ್ದಿಲು ಮಲವನ್ನು ಗಟ್ಟಿ ಮಾಡಬಹುದು, ಹೆಚ್ಚಾದರೆ ಕರುಳೇ ಕಟ್ಟಿಕೊಳ್ಳಬಹುದು. ನುಂಗಲು ಕಷ್ಟಪಡುವ ಹಿರಿಯರಿಗೆ, ಪುಟ್ಟ ಮಕ್ಕಳಿಗೆ ಕೊಡಬೇಡಿ. ಈ ಪುಡಿ ಶ್ವಾಸಕೋಶಕ್ಕೆ ಹೋದರೆ ದೊಡ್ಡ ತೊಂದರೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟದಿರುವುದು ಒಳ್ಳೆಯದು. ಎಂಡೋಸ್ಕೋಪಿ, ಕೊಲೊನೋಸ್ಕೋಪಿಗೆ ದಿನ ನಿಗದಿಯಾಗಿದ್ದರೆ ಅದಕ್ಕೂ ಮೊದಲು ಬೇಡ. ಕರುಳಿನ ಗೋಡೆಗೆ ಕಪ್ಪು ಮೆತ್ತಿಕೊಂಡರೆ ವೈದ್ಯರಿಗೆ ಒಳಗಿನದು ಸರಿಯಾಗಿ ಕಾಣುವುದಿಲ್ಲ.

ಹೆಜ್ಜೆ 6: ಅಪರೂಪಕ್ಕೆ ತಿನ್ನುವುದಾದರೆ

ಯಾವ ಔಷಧವನ್ನೂ ತೆಗೆದುಕೊಳ್ಳದ, ಆರೋಗ್ಯವಾಗಿರುವ ದೊಡ್ಡವರು ವರ್ಷಕ್ಕೊಮ್ಮೆ ಒಂದು ಕಪ್ಪು ಕೋನ್ ತಿಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅದನ್ನು ಸಿಹಿತಿಂಡಿ ಎಂದುಕೊಂಡು ತಿನ್ನಿ, ಔಷಧ ಎಂದುಕೊಂಡು ಬೇಡ. ಜೊತೆಗೆ ಸಾಕಷ್ಟು ನೀರು ಕುಡಿಯಿರಿ. ಅವತ್ತು ತಲೆನೋವಿಗೋ ಜ್ವರಕ್ಕೋ ಮಾತ್ರೆ ಬೇಕಾಯಿತು ಅಂದುಕೊಳ್ಳಿ, ಮಾತ್ರೆ ಕೆಲಸ ಮಾಡಲಿಲ್ಲವೆಂದು ಸುಮ್ನೆ ಇನ್ನೊಂದು ನುಂಗಬೇಡಿ. ಕಪ್ಪು ತಿನಿಸು ತಿಂದದ್ದನ್ನು ಹೇಳಿ ಫಾರ್ಮಸಿಸ್ಟನ್ನು ಕೇಳಿ.

ಪುಡಿ ತಂದು ಮನೆಯಲ್ಲಿ ಬೆರೆಸುವುದು ನನಗೆ ಇಷ್ಟವಿಲ್ಲ. ಅಳತೆ ತಪ್ಪುತ್ತದೆ, ಪುಡಿ ಗಾಳಿಯಲ್ಲಿ ಹಾರಿ ಮೂಗಿಗೆ ಹೋಗುತ್ತದೆ. ಮಾಂಸ ಸುಡುವ ಒಲೆಯ ಇದ್ದಿಲನ್ನು ಕುಟ್ಟಿ ಹಾಕುವ ಸಾಹಸ ಯಾರೂ ಮಾಡಬೇಡಿ. ಅದು ತಿನ್ನುವ ಶುದ್ಧತೆಯದ್ದಲ್ಲ. ಉಂಡೆ ಕಟ್ಟಿದ ಇದ್ದಿಲಿನಲ್ಲಿ ಬೇರೆ ಪದಾರ್ಥಗಳೂ ಸೇರಿರುತ್ತವೆ. ಮೀನಿನ ತೊಟ್ಟಿಗೆ, ಗಾಳಿಯ ಫಿಲ್ಟರಿಗೆ ಮಾರುವ ಇಂಗಾಲವೂ ಹೊಟ್ಟೆಗಲ್ಲ.

ಹೆಜ್ಜೆ 7: ಮರುದಿನ ಗಾಬರಿಯಾಗಬೇಡಿ, ಉದಾಸೀನವೂ ಬೇಡ

ಮರುದಿನ ಮಲ ಕಪ್ಪಗಿರುತ್ತದೆ. ಅದು ಸಹಜ. ಆದರೆ ಹೊಟ್ಟೆಯಲ್ಲಿ ರಕ್ತಸ್ರಾವವಾದಾಗಲೂ ಮಲ ಕಪ್ಪಗಾಗುತ್ತದೆ. ರಕ್ತದಿಂದ ಕಪ್ಪಾದ ಮಲ ಸಾಮಾನ್ಯವಾಗಿ ಟಾರಿನಂತೆ ಅಂಟಂಟಾಗಿ, ವಿಪರೀತ ನಾತ ಬರುತ್ತದೆ. ತಿನಿಸು ಬಿಟ್ಟು ಎರಡು ಮೂರು ದಿನವಾದರೂ ಬಣ್ಣ ಹಾಗೇ ಇದ್ದರೆ, ಇಲ್ಲವೇ ತಲೆಸುತ್ತು, ಹೊಟ್ಟೆನೋವು, ಕಾಫಿ ಗಸಿಯಂಥ ವಾಂತಿ ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. "ನಿನ್ನೆ ಕಪ್ಪು ಐಸ್‌ಕ್ರೀಮ್ ತಿಂದೆ, ಅದರಿಂದಲೇ ಇರಬೇಕು" ಎಂದು ನಿಜವಾದ ರಕ್ತಸ್ರಾವವನ್ನು ಕಡೆಗಣಿಸುವುದು ತುಂಬ ಅಪಾಯ.

ಹೆಜ್ಜೆ 8: ವಿಷ ಹೊಟ್ಟೆಗೆ ಹೋದಾಗ ಮನೆಮದ್ದು ಬೇಡ

ಮನೆಯಲ್ಲಿ ಇದ್ದಿಲು ಪುಡಿ ಇದೆ ಎಂದು ಯಾರಾದರೂ ವಿಷ ನುಂಗಿದಾಗ ಅದನ್ನು ತಿನ್ನಿಸಲು ಹೋಗಬೇಡಿ. ಪ್ರಜ್ಞೆ ತಪ್ಪುತ್ತಿರುವವರ ಬಾಯಿಗೆ ಹಾಕಿದರೆ ಪುಡಿ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತಾಗಬಹುದು. ಸೀಮೆಎಣ್ಣೆ, ಆಸಿಡ್, ಕ್ಷಾರ ಕುಡಿದವರಿಗೆ ಇದ್ದಿಲಿನಿಂದ ಉಪಯೋಗವಿಲ್ಲ, ತೊಂದರೆಯೇ ಹೆಚ್ಚು. ಇದ್ದಿಲು ಹೆಚ್ಚು ಕೆಲಸ ಮಾಡುವುದು ವಿಷ ನುಂಗಿದ ಸುಮಾರು ಒಂದು ಗಂಟೆಯೊಳಗೆ. ಆ ಒಂದು ಗಂಟೆಯನ್ನು ಆಸ್ಪತ್ರೆ ಸೇರಲು ಬಳಸಿ. ನುಂಗಿದ ವಸ್ತುವಿನ ಡಬ್ಬಿ, ಬಾಟಲಿ, ಖಾಲಿ ಮಾತ್ರೆ ಹಾಳೆ ಏನಿದ್ದರೂ ಜೊತೆಗೆ ಒಯ್ಯಿರಿ. ಕೊಡಬೇಕೋ ಬೇಡವೋ ಎಂದು ವೈದ್ಯರು ನೋಡಿಕೊಳ್ಳುತ್ತಾರೆ.

ಸುಟ್ಟು ಕರಕಲಾದ ಬ್ರೆಡ್ ತಿನ್ನಿಸಿದರೆ ವಿಷ ಇಳಿಯುತ್ತದೆ ಅನ್ನುವ ಹಳೆಯ ನಂಬಿಕೆಯೂ ಇದೆ. ಒಂದು ಕಾಲಕ್ಕೆ ಸುಟ್ಟ ಬ್ರೆಡ್, ಗಟ್ಟಿ ಚಹಾ, ಮೆಗ್ನೀಷಿಯಾ ಮೂರನ್ನೂ ಸೇರಿಸಿ 'ಎಲ್ಲ ವಿಷಕ್ಕೂ ಮದ್ದು' ಎಂದು ಹೇಳುತ್ತಿದ್ದರು. ಅದು ಕೆಲಸ ಮಾಡುವುದಿಲ್ಲ ಎಂದು ಗೊತ್ತಾದ ಮೇಲೆ ವೈದ್ಯರು ಕೈಬಿಟ್ಟರು. ಕರಕಲು ಬ್ರೆಡ್ಡಿನಲ್ಲಿ ಆ ಕೋಟ್ಯಂತರ ರಂಧ್ರಗಳು ಎಲ್ಲಿವೆ?

ಹೆಜ್ಜೆ 9: ಬರೀ ಬಣ್ಣ ಬೇಕಿದ್ದರೆ ಬೇರೆ ದಾರಿಗಳಿವೆ

ಮಕ್ಕಳ ಹುಟ್ಟುಹಬ್ಬಕ್ಕೆ ಕಪ್ಪು ಕೇಕ್ ಬೇಕು ಅನ್ನುವುದು ತಪ್ಪೇನಲ್ಲ. ಕೇಕಿಗೆ, ಬಿಸ್ಕತ್ತಿಗೆ ಬ್ಲ್ಯಾಕ್ ಕೋಕೋ, ಅಂದರೆ ಮೊದಲು ಹೇಳಿದ ಗಾಢವಾಗಿ ಸಂಸ್ಕರಿಸಿದ ಕೋಕೋ, ಚೆನ್ನಾಗಿ ಒಗ್ಗುತ್ತದೆ. ಅದರಲ್ಲಿ ಕೊಬ್ಬು ಕಡಿಮೆ. ಪೂರ್ತಿ ಅದನ್ನೇ ಹಾಕಿದರೆ ಕೇಕ್ ಒಣಗುತ್ತದೆ. ಮಾಮೂಲಿ ಕೋಕೋ ಜೊತೆ ಬೆರೆಸಿ. ಐಸ್‌ಕ್ರೀಮಿಗೆ ಕಪ್ಪು ಎಳ್ಳನ್ನು ಹದವಾಗಿ ಹುರಿದು ನುಣ್ಣಗೆ ಅರೆದು ಹಾಕಿ. ಕಡುಕಪ್ಪು ಬರುವುದಿಲ್ಲ, ಮೋಡದ ಬೂದುಬಣ್ಣ ಬರುತ್ತದೆ. ಆದರೆ ರುಚಿ ಇದ್ದಿಲಿಗೆ ಕನಸಲ್ಲೂ ಸಿಗದು. ಇದ್ದಿಲಿಗೆ ರುಚಿಯೇ ಇಲ್ಲ ನೋಡಿ. ಕಪ್ಪು ಅಕ್ಕಿ ಬೇಯಿಸಿದರೆ ನೇರಳೆಗೆ ತಿರುಗುತ್ತದೆ, ಪಾಯಸದಂಥ ಸಿಹಿಗೆ ಚೆಂದ. ಖಾರದ ತಿನಿಸಿಗೆ, ಪಾಸ್ತಾಕ್ಕೆ ಸ್ಕ್ವಿಡ್ ಶಾಯಿ ಬಳಸುತ್ತಾರೆ. ಅದು ಉಪ್ಪುಪ್ಪಾಗಿರುವುದರಿಂದ ಬೇರೆ ಉಪ್ಪು ಕಡಿಮೆ ಹಾಕಿ. ಬಡಿಸುವ ಮೊದಲು ಸಸ್ಯಾಹಾರಿಗಳಿಗೆ, ಕಡಲ ಆಹಾರದ ಅಲರ್ಜಿ ಇರುವವರಿಗೆ ಹೇಳಿಬಿಡಿ. ಎಳ್ಳಿನ ಅಲರ್ಜಿಯೂ ಕೆಲವರಿಗೆ ಇರುತ್ತದೆ, ಕೇಳಿಕೊಳ್ಳಿ.

ನನ್ನ ಗೆಳತಿ ಈಗ ಬೆಳಿಗ್ಗೆ ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನ ಜೊತೆ ನುಂಗುತ್ತಾಳೆ. ನಿಂಬೆ ಪಾನಕ ಇನ್ನೂ ಇದೆ, ತಿಂಡಿಯಾದ ಮೇಲೆ ಕುಡಿಯುತ್ತಾಳೆ. ಅದರ ಬಣ್ಣ ನಿಂಬೆಯದೇ.